ಫಾರ್ಮ್ಯಾಟ್ ಮಾಡಿಸುವ ಮೊದಲು

ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗದವು. ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ, ಸ್ಕ್ರೀನ್ ನೀಲಿಯಾಗಿ ಎರರ್ ತೋರಿಸುತ್ತದೆ, ಇಲ್ಲವೇ ಮೌಸ್ ಕೂಡ ಅಲ್ಲಾಡದೆ ನಿಂತುಬಿಡುತ್ತದೆ. ಹಾಗಾಗಿ ಈ ತಿಂಗಳ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಮೊಬೈಲ್, ಪ್ರಿಂಟರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆಯಿರಿ.

ಪ್ರಶ್ನೆ: ಮೇಡಂ, ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಬೆಂಗಳೂರಿನಲ್ಲಿರುವ ಮಗ ತಾನು ಬಳಸುತ್ತಿದ್ದ ಡೆಸ್ಕ್‌ಟಾಪನ್ನು ತಂದು ಕೊಟ್ಟಿದ್ದಾನೆ. ಅದರಲ್ಲಿ ನಮ್ಮ ಮನೆತನದ ವಂಶಾವಳಿ ಬರೆಯುತ್ತಿದ್ದೇನೆ. ಕೆಲವು ತಿಂಗಳಿಂದ ಒಂದು ಕಾಟ. ಟೈಪ್ ಮಾಡುತ್ತಿರುವಾಗಲೇ ಸ್ಕ್ರೀನ್ ಕಪ್ಪಾಗಿ, ಕಂಪ್ಯೂಟರ್ ಮೊದಲಿನಿಂದ ಶುರುವಾಗುತ್ತದೆ. ನೀಲಿ ಸ್ಕ್ರೀನ್ ಗೀಲಿ ಸ್ಕ್ರೀನ್ ಏನೂ ಬರುವುದಿಲ್ಲ. ಬೆಳಿಗ್ಗೆ ಕೂತರೆ ತೊಂದರೆ ಕಡಿಮೆ. ಸಂಜೆ ಏಳರ ನಂತರ ಕೂತರೆ ಎರಡು ಸಲವಾದರೂ ಹೀಗಾಗುತ್ತದೆ. ಯುಪಿಎಸ್ ಇದೆ. ಅಂಗಡಿಯವರು ಎರಡು ಬಾರಿ ಫಾರ್ಮ್ಯಾಟ್ ಮಾಡಿ, ಅಂದರೆ ಹಳೆಯ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿ ಕೊಟ್ಟರು. ಈಗ ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ಕೊಳ್ಳಿ ಎನ್ನುತ್ತಿದ್ದಾರೆ. ಕೊಳ್ಳಲೇಬೇಕೇ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಈಗಲೇ ಕೊಳ್ಳಬೇಡಿ. ಉತ್ತರದ ಮುಕ್ಕಾಲು ಭಾಗ ನಿಮ್ಮ ಪತ್ರದಲ್ಲೇ ಇದೆ. "ಸಂಜೆ ಏಳರ ನಂತರ" ಎಂಬುದನ್ನು ಅಂಗಡಿಯಲ್ಲಿ ಹೇಳಿದ್ದಿರಾ? ಹೇಳಿದ್ದರೂ ಅವರು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ವಿಂಡೋಸ್‌ಗೆ ಗಡಿಯಾರ ನೋಡಿಕೊಂಡು ಕೆಡುವ ಚಾಳಿ ಇಲ್ಲ. ಸಾಫ್ಟ್‌ವೇರ್ ಹಾಳಾಗಿದ್ದರೆ ಬೆಳಿಗ್ಗೆಯೂ ಅಷ್ಟೇ ಕಾಡಬೇಕಿತ್ತು. ಬಿಸಿ ಜಾಸ್ತಿಯಾಗಿ ಆಫ್ ಆಗುತ್ತಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಆಗಬೇಕಿತ್ತು, ತಂಪು ಹೊತ್ತಿನಲ್ಲಲ್ಲ. ಸಂಜೆ ಏಳಕ್ಕೆ ನಿಮ್ಮ ಮನೆಯಲ್ಲಿ ಬದಲಾಗುವುದು ಒಂದೇ, ಕರೆಂಟು. ಊರಿನವರೆಲ್ಲ ಲೈಟು, ಟಿವಿ, ಗ್ರೈಂಡರ್ ಹಾಕುವ ಹೊತ್ತದು. 230 ವೋಲ್ಟ್ ಇರಬೇಕಾದ್ದು ಲೈನಿನ ತುದಿಯ ಮನೆಗಳಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂಬುದು ಮಲೆನಾಡಿನವರಿಗೆ ನಾನು ಹೇಳಬೇಕಾದ್ದಿಲ್ಲ. ಫ್ಯಾನು ನಿಧಾನವಾಗುವುದನ್ನು ನೋಡಿದರೇ ಗೊತ್ತಾಗುತ್ತದೆ.

ಯುಪಿಎಸ್ ಇದೆಯಲ್ಲ ಎನ್ನುತ್ತೀರಿ. ನನ್ನ ಅನುಮಾನ ಅದರ ಮೇಲೇ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಒಳಗೆ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಅದರ ಆಯಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ. ನಿಮ್ಮದು ಮಗನ ಕಾಲದ್ದೇ ಆಗಿದ್ದರೆ ಅದರಲ್ಲಿ ದಮ್ಮು ಉಳಿದಿರುವುದು ಅನುಮಾನ. ವೋಲ್ಟೇಜ್ ತೀರಾ ಇಳಿದಾಗ ಯುಪಿಎಸ್ ಲೈನಿನ ಕರೆಂಟನ್ನು ಬಿಟ್ಟು ಬ್ಯಾಟರಿಗೆ ಹೊರಳುತ್ತದೆ. ಬ್ಯಾಟರಿ ಭಾರ ಹೊರದಿದ್ದರೆ ಆ ಕ್ಷಣದಲ್ಲೇ ಕಂಪ್ಯೂಟರಿಗೆ ಕರೆಂಟು ತಪ್ಪುತ್ತದೆ. ಕ್ಯಾಬಿನೆಟ್ಟಿನ ಹಿಂದೆ ಕರೆಂಟಿನ ವಯರು ಚುಚ್ಚುವ ಡಬ್ಬಿ ಇದೆಯಲ್ಲ, ಅದೇ ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್. ಕರೆಂಟು ತಪ್ಪಿದ ಮೇಲೆ ಅದು ತಡೆದುಕೊಳ್ಳುವುದು ಹೆಚ್ಚುಕಡಿಮೆ 16 ಮಿಲಿಸೆಕೆಂಡ್ ಮಾತ್ರ. ಮನೆಯ ಲೈಟು ಉರಿಯುತ್ತಲೇ ಇರುತ್ತದೆ. ಹಾಗಾಗಿ "ಕರೆಂಟು ಹೋಗಿಲ್ಲ, ಕಂಪ್ಯೂಟರ್ ಮಾತ್ರ ಹೋಯಿತು" ಅನ್ನಿಸುತ್ತದೆ.

ಪರೀಕ್ಷೆ ಸುಲಭ. ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ಯುಪಿಎಸ್‌ನಿಂದ ಬಿಡಿಸಿ. ಅದರ ಜಾಗದಲ್ಲಿ ಹಳೆಯ 100 ವ್ಯಾಟ್ ಬಲ್ಬನ್ನೋ ಟೇಬಲ್ ಫ್ಯಾನನ್ನೋ ಹಾಕಿ. ಎಲ್‌ಇಡಿ ಬಲ್ಬು ಬೇಡ. ಅದರ ಭಾರ ಸಾಲದು, ಸಾಯುತ್ತಿರುವ ಬ್ಯಾಟರಿಯೂ ಅದನ್ನು ಉರಿಸಿ ಪಾಸಾಗಿಬಿಡುತ್ತದೆ. ಈಗ ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬು ತಕ್ಷಣ ಆರಿದರೆ, ಇಲ್ಲವೇ ಅರ್ಧ ನಿಮಿಷದಲ್ಲಿ ಯುಪಿಎಸ್ ಕಿರುಚಿ ಸುಮ್ಮನಾದರೆ, ಬ್ಯಾಟರಿ ಮುಗಿದಿದೆ. ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಯುಪಿಎಸ್ ಬೇಡ. ಹಳೆಯದನ್ನು ಅಂಗಡಿಗೇ ವಾಪಸ್ ಕೊಡಿ. ಒಳಗೆ ಸೀಸ ಇದೆ, ಹಿತ್ತಲಿಗೆ ಎಸೆಯುವ ವಸ್ತುವಲ್ಲ.

ಹತ್ತು ನಿಮಿಷ ಉರಿಯಿತು ಅನ್ನಿ. ಆಗ ಯುಪಿಎಸ್‌ಗೆ ಕ್ಷಮೆ ಕೇಳಿ ಮುಂದಕ್ಕೆ ಹೋಗೋಣ. ಎರಡು ಮೂರು ಸಂಜೆ ಕಂಪ್ಯೂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನಡೆಸಿ. ಆಗಾಗ ಸೇವ್ ಮಾಡುತ್ತಿರಿ. ರೀಸ್ಟಾರ್ಟ್ ಆಗುವುದು ನಿಂತರೆ ತಪ್ಪು ಯುಪಿಎಸ್‌ದೇ. ನಿಲ್ಲದಿದ್ದರೆ ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್‌ಗಳ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ, ಅಷ್ಟು ಕೊಡುವ ಯೋಗ್ಯತೆ ಎಷ್ಟೋ ಡಬ್ಬಿಗಳಿಗೆ ಇರುವುದಿಲ್ಲ. ಯಾರ ಹತ್ತಿರವಾದರೂ ಚೆನ್ನಾಗಿರುವ ಒಂದನ್ನು ಎರಡು ದಿನಕ್ಕೆ ತಂದು ಹಾಕಿಸಿ ನೋಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಆ ಡಬ್ಬಿಯನ್ನು ನೀವು ಬಿಚ್ಚಬೇಡಿ, ಮಗನೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಕೂತಿರಬಹುದು.

ಮನೆಗೆ ದೊಡ್ಡ ಇನ್ವರ್ಟರ್ ಇದ್ದು ಕಂಪ್ಯೂಟರ್ ಅದರಲ್ಲೇ ನಡೆಯುತ್ತಿರುವವರಿಗೂ ಒಂದು ಸೂಚನೆ. ಇನ್ವರ್ಟರಿನ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಅದು ಬ್ಯಾಟರಿಗೆ ನಿಧಾನವಾಗಿ ಹೊರಳುತ್ತದೆ. ಫ್ಯಾನು ಲೈಟಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು. ಯುಪಿಎಸ್ ಮೋಡಿಗೆ ತಿರುಗಿಸಿ. ಎಷ್ಟೋ ಮನೆಗಳ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಇನ್ನು ಸಾಕ್ಷಿ ಹುಡುಕುವ ಕೆಲಸ. ನೀವು ಇತಿಹಾಸದ ಮೇಷ್ಟ್ರು, ದಾಖಲೆ ನೋಡುವುದು ನಿಮಗೆ ಇಷ್ಟವಾದೀತು. ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿ. "ವ್ಯೂ ರಿಲಯಬಿಲಿಟಿ ಹಿಸ್ಟರಿ" ಎಂಬುದು ಬರುತ್ತದೆ. ಒತ್ತಿದರೆ ದಿನಕ್ಕೊಂದು ಕಂಬದಂತೆ ನಕ್ಷೆ ತೆರೆಯುತ್ತದೆ. ಕೆಂಪು ಗುರುತು ಇದ್ದ ದಿನದ ಮೇಲೆ ಒತ್ತಿದರೆ ಏನಾಯಿತು, ಎಷ್ಟು ಗಂಟೆಗೆ ಎಂದು ಕೆಳಗೆ ಕಾಣುತ್ತದೆ. "ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಎಂದಷ್ಟೇ ಇದ್ದು ಬೇರೆ ಯಾವ ದೂರೂ ಇಲ್ಲದಿದ್ದರೆ ಅದು ಕರೆಂಟಿನ ಕಡೆಗೇ ಬೆರಳು ತೋರಿಸುತ್ತದೆ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ನೋಡಿದವರು "ಕರ್ನಲ್-ಪವರ್ 41" ಎಂಬ ಸಾಲು ಕಂಡು ಗಾಬರಿಯಾಗುತ್ತಾರೆ. ಅದು ರೋಗದ ಹೆಸರಲ್ಲ. ಹೇಳದೆ ಕೇಳದೆ ಆಫ್ ಆಗಿತ್ತು ಎಂದು ಮತ್ತೆ ಎದ್ದ ಮೇಲೆ ವಿಂಡೋಸ್ ಬರೆದುಕೊಂಡ ಟಿಪ್ಪಣಿ, ಅಷ್ಟೇ.

ಇನ್ನೊಂದು ಕೆಲಸ. ಕೆಲವು ಸಲ ನೀಲಿ ಸ್ಕ್ರೀನ್ ಬಂದಿರುತ್ತದೆ, ಆದರೆ ಓದುವ ಮೊದಲೇ ರೀಸ್ಟಾರ್ಟ್ ಆಗಿರುತ್ತದೆ. "ಅಡ್ವಾನ್ಸ್ಡ್ ಸಿಸ್ಟಮ್ ಸೆಟಿಂಗ್ಸ್" ಒಳಗೆ "ಸ್ಟಾರ್ಟಪ್ ಅಂಡ್ ರಿಕವರಿ"ಗೆ ಹೋಗಿ "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಟಿಕ್ ತೆಗೆದುಬಿಡಿ. ಇನ್ನು ಮೇಲೆ ನೀಲಿ ಸ್ಕ್ರೀನ್ ಬಂದರೆ ಅಲ್ಲೇ ನಿಲ್ಲುತ್ತದೆ, ಫೋಟೋ ತೆಗೆದುಕೊಳ್ಳಬಹುದು. ಟಿಕ್ ತೆಗೆದ ಮೇಲೂ ಸೀದಾ ಕಪ್ಪಾಗಿ ಮತ್ತೆ ಶುರುವಾದರೆ ವಿಂಡೋಸ್‌ನ ಕೈವಾಡ ಇರುವ ಸಾಧ್ಯತೆ ತೀರಾ ಕಡಿಮೆ.

ಇಷ್ಟಾದ ಮೇಲೂ ಅಂಗಡಿಯವರು ಮೂರನೇ ಸಲ ಫಾರ್ಮ್ಯಾಟ್ ಎಂದರೆ ಹೀಗೆ ಮಾಡಿ. ಮಗನಿಗೆ ಹೇಳಿ, ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವ್ ತರಿಸಿ. ಅದರಿಂದ ಕಂಪ್ಯೂಟರ್ ಶುರುಮಾಡಿ "ಟ್ರೈ" ಎಂಬುದನ್ನು ಆರಿಸಿದರೆ ನಿಮ್ಮ ಹಾರ್ಡ್‌ಡಿಸ್ಕನ್ನು ಮುಟ್ಟದೆ ಇಡೀ ಕಂಪ್ಯೂಟರ್ ನಡೆಯುತ್ತದೆ. ಸಂಜೆ ಏಳರಿಂದ ಒಂಬತ್ತರವರೆಗೆ ಅದರಲ್ಲಿ ಯಕ್ಷಗಾನದ ವಿಡಿಯೋ ಹಾಕಿ ಕೂತುಬಿಡಿ. ಅಲ್ಲೂ ರೀಸ್ಟಾರ್ಟ್ ಆಯಿತೋ, ವಿಂಡೋಸ್ ನಿರಪರಾಧಿ.

ಈ ಫಾರ್ಮ್ಯಾಟ್ ಬಗ್ಗೆ ನನ್ನ ಹೊಟ್ಟೆಯಲ್ಲಿರುವುದನ್ನು ಹೇಳಿಯೇಬಿಡುತ್ತೇನೆ. ನಾನೂ ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟವಳು. ನಮ್ಮಂಥವರಿಗೆ ಫಾರ್ಮ್ಯಾಟ್ ಎಂದರೆ ಸುಲಭದ ದುಡ್ಡು. ತಲೆ ಓಡಿಸಬೇಕಿಲ್ಲ, ಗಿರಾಕಿಯ ಹತ್ತಿರ ನಾಲ್ಕು ಪ್ರಶ್ನೆ ಕೇಳಬೇಕಿಲ್ಲ. ಹೊಸ ವಿಂಡೋಸ್ ಹಾಕಿದ ಮೇಲೆ ನಾಲ್ಕು ದಿನ ಕಂಪ್ಯೂಟರ್ ಚುರುಕಾಗಿಯೂ ಇರುತ್ತದೆ, ಗಿರಾಕಿಗೂ ಖುಷಿ. ಆದರೆ ಕರೆಂಟಿನ ತೊಂದರೆಗೆ ಫಾರ್ಮ್ಯಾಟ್ ಮಾಡುವುದು ಹಲ್ಲುನೋವಿಗೆ ತಲೆ ಬೋಳಿಸಿದ ಹಾಗೆ. ಮದರ್‌ಬೋರ್ಡ್ ಹೋಗಿದೆ ಎನ್ನುವವರನ್ನು "ಏನು ಪರೀಕ್ಷೆ ಮಾಡಿ ನೋಡಿದಿರಿ?" ಎಂದು ಕೇಳುವ ಹಕ್ಕು ನಿಮಗಿದೆ. ಕೆಟ್ಟ ಬೋರ್ಡಿನಲ್ಲಿ ಎಷ್ಟೋ ಸಲ ಕಣ್ಣಿಗೇ ಗುರುತು ಸಿಗುತ್ತದೆ. ಸಣ್ಣ ಡ್ರಮ್ಮಿನ ಆಕಾರದ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಒಸರಿದ್ದರೆ ಅವರ ಮಾತು ನಿಜವಿರಬಹುದು. ತೋರಿಸಿ ಎನ್ನಿ.

ವಂಶಾವಳಿಯ ಫೈಲನ್ನು ಇವತ್ತೇ ಒಂದು ಪೆನ್‌ಡ್ರೈವಿಗೆ ಹಾಕಿ, ಮಗನಿಗೂ ಒಂದು ಇಮೇಲ್ ಮಾಡಿ. ಪರೀಕ್ಷೆಗಳೆಲ್ಲ ಆಮೇಲೆ.

ಪ್ರಶ್ನೆ: ಅಕ್ಕಾ, ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಸೀಸನ್, ಕಾರ್ಡುಗಳ ಕೆಲಸ ತಲೆಮೇಲಿದೆ. ಎರಡು ವಾರದಿಂದ ನೀಲಿ ಸ್ಕ್ರೀನ್. ಒಂದು ಸಲ "ಮೆಮರಿ ಮ್ಯಾನೇಜ್‌ಮೆಂಟ್" ಎಂದು ಬರುತ್ತದೆ, ಇನ್ನೊಂದು ಸಲ "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್", ಮತ್ತೊಂದು ಸಲ "ಪೇಜ್ ಫಾಲ್ಟ್" ಏನೋ ಒಂದು. ಪುಟ ಜೋಡಿಸುವ ಪ್ರೋಗ್ರಾಂ ಪೇಜ್‌ಮೇಕರ್ ಹಳೆಯದಾಯಿತು, ಅದಕ್ಕೇ ಹೀಗೆ ಎಂದು ಪರಿಚಯದವರು ಹೇಳಿದರು. ಸ್ಪೀಡ್ ಬರಲಿ ಎಂದು ಕಳೆದ ತಿಂಗಳು ಸೆಕೆಂಡ್ ಹ್ಯಾಂಡ್ 8 ಜಿಬಿ ಮೆಮರಿ ಪಟ್ಟಿ, ಅಂದರೆ ರ‍್ಯಾಮ್ ತಂದು ಹಾಕಿಸಿದ್ದೆ, ಅದರ ನಂತರವೂ ಸರಿಹೋಗಿಲ್ಲ.
— ಡಿಟಿಪಿ ಮಾಡುವವರು, ದಾವಣಗೆರೆ

ಉತ್ತರ: ತಂಗೀ, "ಅದರ ನಂತರವೂ" ಅಲ್ಲ, "ಅದರ ನಂತರವೇ" ಇರಬೇಕು. ತಾರೀಖು ನೋಡು. ಕಳೆದ ತಿಂಗಳು ರ‍್ಯಾಮ್, ಎರಡು ವಾರದಿಂದ ನೀಲಿ ಸ್ಕ್ರೀನ್.

ಪೇಜ್‌ಮೇಕರ್ ಮೇಲೆ ಗೂಬೆ ಕೂರಿಸುವುದು ಬೇಡ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಹಳೆಯದು ನಿಜ. ಆದರೆ ಅಂಥ ಪ್ರೋಗ್ರಾಂ ಕೆಟ್ಟರೆ ತಾನು ಮಾತ್ರ ಮುಚ್ಚಿಕೊಳ್ಳುತ್ತದೆ. ಇಡೀ ವಿಂಡೋಸನ್ನು ಬೀಳಿಸುವ ಶಕ್ತಿ ಅದಕ್ಕಿಲ್ಲ. ನೀಲಿ ಸ್ಕ್ರೀನ್ ಬರಬೇಕಾದರೆ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ಪ್ರೋಗ್ರಾಂ) ಅಥವಾ ಹಾರ್ಡ್‌ವೇರ್ ಮಟ್ಟದಲ್ಲಿ ಏನೋ ತಪ್ಪಿರಬೇಕು. ಪ್ರತಿಸಲ ಒಂದೇ ಕೋಡ್, ಅದರ ಕೆಳಗೆ ಒಂದೇ ಫೈಲಿನ ಹೆಸರು ಬಂದರೆ ನಾನು ಡ್ರೈವರ್ ಹಿಡಿಯುತ್ತೇನೆ. ಸಲಕ್ಕೊಂದು ಕೋಡ್ ಬಂದರೆ ಮೊದಲು ರ‍್ಯಾಮ್ ಹಿಡಿಯುತ್ತೇನೆ. ರ‍್ಯಾಮಿನ ಒಂದು ಮೂಲೆ ಕೆಟ್ಟಿದ್ದರೆ ಆ ಹೊತ್ತಿಗೆ ಅಲ್ಲಿ ಯಾರು ಕೂತಿದ್ದಾರೋ ಅವರ ಹೆಸರಿನಲ್ಲಿ ದೂರು ಬರುತ್ತದೆ. ಒಮ್ಮೆ ಇದು, ಒಮ್ಮೆ ಅದು.

ಮೊದಲು ಹೊಸದಾಗಿ ಹಾಕಿಸಿದ ರ‍್ಯಾಮ್ ಕಿತ್ತು ಪಕ್ಕಕ್ಕೆ ಇಡು. ಹಳೆಯದರಲ್ಲೇ ಎರಡು ದಿನ ಕೆಲಸ ಮಾಡು. ನಿಧಾನವಾಗುತ್ತದೆ, ಸಹಿಸಿಕೋ. ನೀಲಿ ಸ್ಕ್ರೀನ್ ಬರಲಿಲ್ಲವಾದರೆ ಹೊಸದನ್ನು ಒಂಟಿಯಾಗಿ ಹಾಕಿ ಪರೀಕ್ಷೆ ಮಾಡು. ಒಂಟಿಯಾಗಿ ಎರಡೂ ಚೆನ್ನಾಗಿ ನಡೆದು, ಜೊತೆಗೆ ಹಾಕಿದಾಗ ಮಾತ್ರ ಬಿದ್ದರೆ ಅವೆರಡಕ್ಕೆ ಹೊಂದಾಣಿಕೆ ಇಲ್ಲ, ಅಥವಾ ಎರಡನೇ ಸ್ಲಾಟಿನಲ್ಲಿ ಧೂಳಿದೆ. ದಾವಣಗೆರೆಯ ಧೂಳು ಗೊತ್ತಲ್ಲ.

ಪರೀಕ್ಷೆಗೆ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವಿಗೆ ಹಾಕಿ ಅದರಿಂದ ಶುರುಮಾಡಿ ರಾತ್ರಿ ಬಿಟ್ಟು ಮಲಗು. ಪುಕ್ಕಟೆ ಆವೃತ್ತಿ ನಾಲ್ಕು ಸುತ್ತು ಪರೀಕ್ಷೆ ಮಾಡುತ್ತದೆ. ಬೆಳಿಗ್ಗೆ ಎರರ್ ಎಂಬಲ್ಲಿ ಸೊನ್ನೆ ಇರಬೇಕು. "ಬರೀ ಎರಡೇ ಎರರ್, ಪರವಾಗಿಲ್ಲ" ಎನ್ನುವ ಮಾತೇ ಇಲ್ಲಿ ಇಲ್ಲ. ವಿಂಡೋಸ್‌ನಲ್ಲೇ ಇರುವ "ಮೆಮರಿ ಡಯಾಗ್ನಾಸ್ಟಿಕ್" ಕೂಡ ಇದೆ, ಆದರೆ ಅದು ಸ್ವಲ್ಪ ಮೃದು ಸ್ವಭಾವದ್ದು. ಅದರಲ್ಲಿ ಪಾಸಾದ ರ‍್ಯಾಮ್ ಮೆಮ್‌ಟೆಸ್ಟ್86ರಲ್ಲಿ ಫೇಲಾಗುವುದುಂಟು.

ರ‍್ಯಾಮಿನ ಕಾಲಿಗೆ ರಬ್ಬರ್ ಉಜ್ಜುವ ಪದ್ಧತಿ ನಮ್ಮಲ್ಲಿ ಎಲ್ಲ ಅಂಗಡಿಯಲ್ಲೂ ಇದೆ. ಮೆದು ಬಿಳಿ ರಬ್ಬರಾದರೆ ಒಮ್ಮೆ ಹಗುರವಾಗಿ ಉಜ್ಜಬಹುದು, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಬೇಕು. ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಚಿನ್ನದ ಲೇಪ ಕಿತ್ತು ಬರುತ್ತದೆ. ಪ್ಲಗ್ ಕಿತ್ತು, ಬೋಳು ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್ ಮುಟ್ಟು.

ಮುಖ್ಯವಾದ ಮಾತು ಇದು. ಕೆಟ್ಟ ರ‍್ಯಾಮ್ ಇರುವಾಗ ಸೇವ್ ಮಾಡಿದ ಫೈಲುಗಳ ಒಳಗೂ ತಪ್ಪು ಸೇರಿಕೊಳ್ಳಬಹುದು. ಫೈಲು ತೆರೆಯುತ್ತದೆ, ಆದರೆ ಯಾವುದೋ ಪುಟದಲ್ಲಿ ಚಿತ್ರ ಹರಿದಿರುತ್ತದೆ. ಹಾಗಾಗಿ ಈ ಎರಡು ವಾರದಲ್ಲಿ ಮಾಡಿದ ಕಾರ್ಡುಗಳನ್ನು ಪ್ರಿಂಟಿಗೆ ಕಳಿಸುವ ಮೊದಲು ಇನ್ನೊಮ್ಮೆ ತೆರೆದು ನೋಡು. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಈಗಿನ ಫೈಲುಗಳನ್ನು ಕಾಪಿ ಮಾಡಬೇಡ, ಬೇರೆ ಫೋಲ್ಡರಿನಲ್ಲಿ ಇಡು. ರ‍್ಯಾಮ್ ಕೊಟ್ಟವರು ಬದಲಿಸಿಕೊಡಲಿ. ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್‌ಪಿ ರೋಡಿನಿಂದ ಬಂದ ಮಾಲಾದರೂ ಸರಿ, ಟೆಸ್ಟಿಂಗ್ ವಾರಂಟಿ ಎಂದು ಕೆಲವು ದಿನ ಕೊಡುವುದು ವ್ಯಾಪಾರದ ರೂಢಿ.

ಪ್ರಶ್ನೆ: ಮೇಡಂ, ಮಗಳ ಓದಿಗೆ ಹಳೆ ಕಂಪ್ಯೂಟರ್ ತಂದಿದ್ದೇವೆ. ಬರಿಗಾಲಲ್ಲಿ ನಿಂತು ಅದರ ತಗಡಿನ ಡಬ್ಬಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಪೆನ್‌ಡ್ರೈವ್ ಚುಚ್ಚಿದಾಗ ಕೆಲವು ಸಲ ಹ್ಯಾಂಗ್ ಆಗುತ್ತದೆ, ಕೆಲವು ಸಲ ರೀಸ್ಟಾರ್ಟ್. ಸುಮ್ನೆ ಸ್ಟ್ಯಾಟಿಕ್, ಏನೂ ಆಗುವುದಿಲ್ಲ ಎಂದರು ರಿಪೇರಿಯವರು. ಹೌದಾ?
— ಗೃಹಿಣಿ, ಕುಂದಾಪುರ

ಉತ್ತರ: ಅಲ್ಲ. ಸ್ಟ್ಯಾಟಿಕ್ ಆಗಿದ್ದರೆ ಒಮ್ಮೆ ಚಟ್ ಎಂದು ಮುಗಿಯುತ್ತಿತ್ತು. ಅದು ಒಣಹವೆಯ ಆಟ, ಕುಂದಾಪುರದ ಬೆವರಿನಲ್ಲಿ ನಡೆಯುವುದು ಕಷ್ಟ. ಮುಟ್ಟಿದಷ್ಟು ಹೊತ್ತೂ ಜುಮ್ ಎನ್ನುತ್ತಿದ್ದರೆ ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ.

ಕಾರಣ ಹೀಗೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಕೊಳೆ ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಡಬ್ಬಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಡಬ್ಬಿಗೆ. ಡಬ್ಬಿ ಅರ್ಥಿಗೆ ಸೇರಿದ್ದರೆ ಸೋರಿದ್ದು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಡಬ್ಬಿ ಎರಡರ ನಡುವೆ ತೂಗಾಡುತ್ತದೆ, ಅಂದರೆ 230ರ ಅರ್ಧ, ಸುಮಾರು 115 ವೋಲ್ಟ್. ಹರಿಯುವ ಕರೆಂಟು ತೀರಾ ಕಡಿಮೆ, ಅದಕ್ಕೇ ಜುಮ್ ಎಂದು ಬಿಡುತ್ತದೆ. ಆದರೆ ನಾಳೆ ಒಳಗೆ ನಿಜವಾಗಿಯೇ ವಯರು ಸುಲಿದು ಡಬ್ಬಿಗೆ ತಾಗಿದರೆ ಕಾಪಾಡಲು ಏನೂ ಇರುವುದಿಲ್ಲ. ಆ ಡಬ್ಬಿಯನ್ನು ಮುಟ್ಟುವವಳು ಮಗಳು. ಪೆನ್‌ಡ್ರೈವ್ ಚುಚ್ಚುವಾಗಲೂ ಇದೇ ಸೋರಿಕೆ ನಿಮ್ಮ ಕೈಯಿಂದ ಯುಎಸ್‌ಬಿ ಮೂಲಕ ಹಾಯುತ್ತದೆ. ಹ್ಯಾಂಗ್ ಆಗಲು ಅಷ್ಟು ಸಾಕು.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಕೂರಿಸುವ ಅಡಾಪ್ಟರ್ ಬಳಸುತ್ತಿದ್ದರೆ ಇವತ್ತೇ ಎಸೆಯಿರಿ. ಮೇಲಿನ ದಪ್ಪ ಪಿನ್ನೇ ಅರ್ಥ್, ಅದನ್ನೇ ಅದು ಬಿಟ್ಟುಬಿಡುತ್ತದೆ. ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ವಯರು ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕರಾವಳಿಯ ಉಪ್ಪುಗಾಳಿಗೆ ಅರ್ಥಿನ ಜಾಯಿಂಟು ತುಕ್ಕು ಹಿಡಿದು ಬಿಟ್ಟಿರುವುದೂ ಉಂಟು. ಮೀಟರ್ ಹಿಡಿದು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಲಿ. ಎರಡು ಮೂರು ವೋಲ್ಟ್ ಇದ್ದರೆ ಸರಿ, ಹತ್ತು ಹದಿನೈದು ಬಂದರೆ ಸರಿಯಿಲ್ಲ. ಕೆಲವರು ಸಾಕೆಟ್ಟಿನ ಒಳಗೇ ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೆ ಜೋಡಿಸಿ "ಆಯ್ತಮ್ಮಾ" ಎಂದು ಹೋಗುತ್ತಾರೆ. ಖಂಡಿತ ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಡಬ್ಬಿಗೆ ಪೂರ್ತಿ 230 ಬರುತ್ತದೆ. ಹೇಗೂ ಅವರು ಬಂದಾಗ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವ ಬಗ್ಗೆಯೂ ಕೇಳಿ.

ಗುಡುಗು ಶುರುವಾದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ. ಇಂಟರ್ನೆಟ್ಟಿನ ಲ್ಯಾನ್ ವಯರನ್ನೂ ಕೀಳಿ. ಫೈಬರ್ ದಾರದಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಮೋಡೆಮ್ಮಿನ ಅಡಾಪ್ಟರಿನಿಂದ ಲ್ಯಾನ್ ವಯರಿಗೆ ಹರಿಯುತ್ತದೆ. ಸಿಡಿಲಿಗೆ ಸತ್ತು ನಮ್ಮ ಅಂಗಡಿಗೆ ಬರುವ ಬೋರ್ಡುಗಳಲ್ಲಿ ಲ್ಯಾನ್ ಕಡೆಯಿಂದ ಸುಟ್ಟವೇ ಜಾಸ್ತಿ.

ಪ್ರಶ್ನೆ: ಲ್ಯಾಪ್‌ಟಾಪ್ ಅರ್ಧ ಗಂಟೆ ನಡೆದು ಪಟ್ಟನೆ ಆಫ್ ಆಗುತ್ತದೆ. ಕೂಡಲೇ ಆನ್ ಮಾಡಿದರೆ ಐದೇ ನಿಮಿಷದಲ್ಲಿ ಮತ್ತೆ ಆಫ್. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಅರ್ಧ ಗಂಟೆ. ವೈರಸ್ಸಾ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಬಿಸಿ. ಹಾಸಿಗೆಯ ಮೇಲೆ ಇಟ್ಟುಕೊಂಡು ಬಳಸುತ್ತೀಯ ಅಲ್ವಾ? ಲ್ಯಾಪ್‌ಟಾಪ್ ಗಾಳಿ ಎಳೆಯುವುದು ಹೊಟ್ಟೆಯ ಕಡೆಯಿಂದ. ಹಾಸಿಗೆ ಅದನ್ನು ಮುಚ್ಚುತ್ತದೆ. ಬಿಸಿ 100 ಡಿಗ್ರಿ ಹತ್ತಿರ ಹೋದಾಗ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಮೇಜಿನ ಮೇಲೆ ಹಿಂದಿನ ಅಂಚಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಟೇಬಲ್ ಫ್ಯಾನ್ ತಿರುಗಿಸಿ ಒಂದು ಗಂಟೆ ನಡೆಸು. ಆಫ್ ಆಗದಿದ್ದರೆ ರೋಗ ಖಚಿತ. ಬಿಚ್ಚಿಸಿ ಫ್ಯಾನಿನ ಧೂಳು ತೆಗೆಸಿ ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸುವ ಹೊಸ ಥರ್ಮಲ್ ಪೇಸ್ಟ್ ಹಾಕಿಸು. ಡೆಸ್ಕ್‌ಟಾಪ್ ಇರುವವರೂ ಪಕ್ಕದ ಬಾಗಿಲು ತೆಗೆದು ಫ್ಯಾನ್ ಹಿಡಿದು ಇದೇ ಪರೀಕ್ಷೆ ಮಾಡಬಹುದು.

ಪ್ರಶ್ನೆ: ಕಂಪ್ಯೂಟರ್ ನಿಮಿಷಗಟ್ಟಲೆ ನಿಂತುಬಿಡುತ್ತದೆ. ಒಳಗಿನಿಂದ ಟಕ್ ಟಕ್ ಸದ್ದು. ಒಮ್ಮೆ ನೀಲಿ ಸ್ಕ್ರೀನಿನಲ್ಲಿ "ಕರ್ನಲ್ ಡೇಟಾ ಇನ್‌ಪೇಜ್ ಎರರ್" ಎಂದಿತ್ತು. ಚೆಕ್‌ಡಿಸ್ಕ್ ಓಡಿಸು ಎಂದು ಗೆಳೆಯ ಹೇಳಿದ. ಅಪ್ಪ ಅಮ್ಮನ ಹಳೆಯ ಫೋಟೋಗಳೆಲ್ಲ ಇದರಲ್ಲೇ ಇವೆ.
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಚೆಕ್‌ಡಿಸ್ಕ್ ಬೇಡ. ಡಿಫ್ರಾಗ್ ಬೇಡ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ನಿಮ್ಮ ಹಾರ್ಡ್‌ಡಿಸ್ಕ್ ಕೊನೆಯ ದಿನಗಳಲ್ಲಿದೆ. ಆ ಎರರಿನ ಅರ್ಥ ಡಿಸ್ಕಿನಿಂದ ಓದಲು ಹೋದದ್ದು ಓದಲು ಸಿಗಲಿಲ್ಲ ಎಂದು. ಚೆಕ್‌ಡಿಸ್ಕ್ ಎಂದರೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಪ್ರೋಗ್ರಾಂ, ಪೂರ್ತಿ ತಪಾಸಣೆಗೆ ಬಿಟ್ಟರೆ ಅದು ಇಡೀ ಡಿಸ್ಕನ್ನು ಓದಿಸುತ್ತದೆ, ಓದಲು ಬಾರದ್ದನ್ನು ಕತ್ತರಿಸಿ "ಸರಿ" ಮಾಡುತ್ತದೆ. ಉಳಿದಿರುವ ಓಟವನ್ನು ಅದಕ್ಕೆ ಖರ್ಚು ಮಾಡಬಾರದು.

ಕಂಪ್ಯೂಟರ್ ಆಫ್ ಮಾಡಿ ಹೊರಗಿನ ಒಂದು ಡಿಸ್ಕ್ ತನ್ನಿ. ಆಮೇಲೆ ಆನ್ ಮಾಡಿ ಮೊದಲು ಫೋಟೋ, ಆಮೇಲೆ ಪತ್ರ-ದಾಖಲೆ, ಸಿನಿಮಾಗಳು ಕೊನೆಗೆ. ಇಡೀ ಡ್ರೈವನ್ನು ಒಟ್ಟಿಗೆ ಎಳೆಯಬೇಡಿ, ಫೋಲ್ಡರ್ ಫೋಲ್ಡರಾಗಿ ಕಾಪಿ ಮಾಡಿ. ಒಂದು ಫೈಲಿನಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಕ್ಕೆ. ಡಿಸ್ಕ್ ಕಾಣಿಸುವುದೇ ನಿಂತು ಬರೀ ಟಕ್ ಟಕ್ ಮಾತ್ರ ಉಳಿದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ದುಬಾರಿ, ಆದರೆ ಫೋಟೋ ಬೇಕೆಂದರೆ ಅದೊಂದೇ ದಾರಿ.

ಕಾಪಿ ಮುಗಿದ ಮೇಲೆ ಕುತೂಹಲಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿ ನೋಡಿ. 05, ಸಿ5, ಸಿ6 ಎಂಬ ಸಾಲುಗಳು ಡಿಸ್ಕಿನ ಸತ್ತ ಜಾಗಗಳ ಲೆಕ್ಕ. ಸೊನ್ನೆಯಿಂದ ಮೇಲೆದ್ದು ದಿನೇ ದಿನೇ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಡಿಸ್ಕಿನದ್ದಲ್ಲ, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನದು. ಬೇರೆ ಓದುಗರಿಗೆ ಇದು ಉಪಯೋಗಕ್ಕೆ ಬಂದೀತು. ನಿಮ್ಮ ವಿಷಯದಲ್ಲಿ ಸದ್ದೇ ಎಲ್ಲ ಹೇಳಿದೆ. ಹೊಸದು ಹಾಕಿಸುವಾಗ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿ.

ಪ್ರಶ್ನೆ: ವಿಂಡೋಸ್ 10ಕ್ಕೆ ಬೆಂಬಲ ನಿಂತಿತಂತೆ. ಅದಕ್ಕೇ ನನ್ನ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಇಲ್ಲ. 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದದ್ದು ನಿಜ. ಅಂದರೆ ಭದ್ರತೆಯ ಅಪ್‌ಡೇಟ್‌ಗಳು ಮಾಮೂಲಿನಂತೆ ಬರುವುದಿಲ್ಲ, ಅಷ್ಟೇ. ಆ ದಿನ ಬೆಳಗಾದ ಕೂಡಲೇ ಯಾವ ಕಂಪ್ಯೂಟರೂ ಕೆಡಲಿಲ್ಲ. ಹ್ಯಾಂಗ್‌ಗೆ ಬೇರೆ ಕಾರಣ ಹುಡುಕಿ. ಮೇಲಿನ ಉತ್ತರಗಳಲ್ಲಿ ನಿಮ್ಮದೂ ಒಂದು ಇರಬಹುದು. ಬ್ಯಾಂಕಿನ ವ್ಯವಹಾರ ಮಾಡುವವರು ಮಾತ್ರ ವಿಂಡೋಸ್ 11ಕ್ಕೆ ಹೋಗುವುದೋ ಲಿನಕ್ಸ್ ಹಾಕಿಸುವುದೋ ಬೇಗ ನಿರ್ಧರಿಸಿ.

ಪ್ರಶ್ನೆ: ಅಡುಗೆ ವಿಡಿಯೋ ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ಸ್ಕ್ರೀನ್ ತುಂಬ ಕೆಂಪು ಅಕ್ಷರ, ಜೋರಾಗಿ ಸೈರನ್. "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಬಂತು. ಏನು ಒತ್ತಿದರೂ ಹೋಗಲಿಲ್ಲ. ಹೆದರಿ ಸ್ವಿಚ್ ಆಫ್ ಮಾಡಿದೆ. ಮತ್ತೆ ಆನ್ ಮಾಡಲು ಧೈರ್ಯವಿಲ್ಲ.
— ಅಜ್ಜಿ, ಮೈಸೂರು

ಉತ್ತರ: ಅಜ್ಜೀ, ಫೋನ್ ಮಾಡಲಿಲ್ಲವಲ್ಲ, ನೀವು ಗೆದ್ದಿರಿ. ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ. ಅದು ಬರೀ ಒಂದು ವೆಬ್ ಪುಟ. ಸ್ಕ್ರೀನ್ ತುಂಬ ಹರಡಿಕೊಂಡು, ಮುಚ್ಚುವ ಗುಂಡಿಯನ್ನು ಬಚ್ಚಿಟ್ಟು ಹೆದರಿಸುತ್ತದೆ. ನಿಜವಾದ ವಿಂಡೋಸ್ ಎರರಿನಲ್ಲಿ ಫೋನ್ ನಂಬರ್ ಯಾವತ್ತೂ ಇರುವುದಿಲ್ಲ, ಸೈರನ್ ಕೂಡ ಇರುವುದಿಲ್ಲ.

ಧೈರ್ಯವಾಗಿ ಆನ್ ಮಾಡಿ. ಬ್ರೌಸರ್ ತೆರೆದಾಗ "ಹಿಂದಿನ ಪುಟಗಳನ್ನು ಮತ್ತೆ ತೆರೆಯಲೇ?" ಎಂದು ಕೇಳಿದರೆ ಬೇಡ ಎನ್ನಿ. ಇನ್ನೊಮ್ಮೆ ಹೀಗಾದರೆ ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಅದಕ್ಕೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರಿನ ಹೆಸರು ಆರಿಸಿ "ಎಂಡ್ ಟಾಸ್ಕ್" ಕೊಡಿ. ಸ್ವಿಚ್ ಆಫ್ ಮಾಡಿದ್ದರಲ್ಲೂ ತಪ್ಪೇನಿಲ್ಲ.

ನಿಮ್ಮ ಜೊತೆಯವರಲ್ಲಿ ಯಾರಾದರೂ ಆ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ಪ್ರೋಗ್ರಾಂ ಹಾಕಿಸಿಕೊಂಡಿದ್ದರೆ ಮೊದಲು ಇಂಟರ್ನೆಟ್ ಕಿತ್ತುಹಾಕಲಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಲಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸರ್ಕಾರಿ ಸಹಾಯವಾಣಿ. ಮಗ ಬರಲಿ, ಮೊಮ್ಮಗ ಬರಲಿ ಎಂದು ಕಾಯಬಾರದು. ಮೊದಲ ಒಂದೆರಡು ಗಂಟೆಯಲ್ಲಿ ದೂರು ಕೊಟ್ಟರೆ ದುಡ್ಡು ಮುಂದಕ್ಕೆ ಹೋಗುವುದನ್ನು ತಡೆಯುವ ಅವಕಾಶ ಜಾಸ್ತಿ.